ಹಿಮದ ಸರೋವರಗಳಿಗೆ ಗಾಳ ಹೊತ್ತು ನಡೆಯುವುದು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಅಲ್ಲಿನ ಗುಡ್ಡಗಳ ನೆತ್ತಿಯಲ್ಲಾಗಲಿ, 1,343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲಾಗಲಿ ಮೀನು ವಾಸಿಸುವಂತಹ ಒಂದು ಸರೋವರವೂ ಇಲ್ಲ. ಬಿದ್ದ ನೀರೆಲ್ಲ ಅಬ್ಬಿಯಾಗಿ, ಹಳ್ಳವಾಗಿ, ತುಂಗೆಯಾಗಿ ಇಳಿದುಹೋಗುತ್ತದೆ. ಬೆಟ್ಟದ ಎತ್ತರದಲ್ಲಿ ನೀರು ನಿಲ್ಲಬೇಕಾದರೆ ಅದಕ್ಕೆ ಬಟ್ಟಲು ಬೇಕು. ಹಿಮಾಲಯದಲ್ಲಿ ಆ ಬಟ್ಟಲನ್ನು ಕೊರೆದದ್ದು ಸಾವಿರಾರು ವರ್ಷ ಮೇಲಿಂದ ಜಾರಿಬಂದ ಹಿಮನದಿಗಳು. ನಮ್ಮ ಘಟ್ಟಗಳನ್ನು ಹಿಮನದಿ ಎಂದೂ ಕೊರೆಯಲಿಲ್ಲ. ತೀರ್ಥಹಳ್ಳಿಯ ಸುತ್ತಿನ ಹಳ್ಳಕೊಳ್ಳಗಳಲ್ಲಿ ಗಾಳ ಹಾಕುತ್ತ ಬೆಳೆದ ನನ್ನಂಥವರಿಗೆ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ, ಮರವೇ ಬೆಳೆಯದ ಹುಲ್ಲುಗಾವಲಿನ ನಡುವೆ ನಿಂತ ತಿಳಿನೀರು ಮತ್ತು ಅದರೊಳಗೆ ಓಡಾಡುವ ಟ್ರೌಟ್ ಮೀನು ಬೇರೆಯದೇ ಲೋಕವೆನಿಸುತ್ತದೆ. ಆ ಲೋಕವನ್ನು ನೋಡಲು ನಾನೂ ನನ್ನ ದೊಡ್ಡಪ್ಪನ ಮಗ ಅಣ್ಣಯ್ಯನೂ ಕಾಶ್ಮೀರಕ್ಕೆ ಹೋಗಿಬಂದೆವು. ಊರಿನ ಕೆಲವರು ದಾರಿ, ಸಾಮಾನು, ಮೀನು ಎಲ್ಲದರ ಬಗ್ಗೆ ಕೇಳುತ್ತಿರುವುದರಿಂದ ಕಂಡದ್ದನ್ನೂ ತಿಳಿದದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರ ಕಾಲದಲ್ಲಿ, 1899ರಲ್ಲಿ, ಕಾಶ್ಮೀರಕ್ಕೆ ತರಿಸಿದ ಬ್ರೌನ್ ಟ್ರೌಟಿನ ಮೊಟ್ಟೆಗಳು ದಾರಿಯಲ್ಲೇ ಸತ್ತುಹೋದವು. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದವು ಬದುಕಿಕೊಂಡವು. ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಮಿಚೆಲ್ ಎಂಬಾತ ಆ ಮರಿಗಳನ್ನು ಸಾಕಲು ನೆರವಾದ, ಹಾರ್ವನ್‌ನಲ್ಲಿ ಮರಿ ಉತ್ಪಾದನಾ ಕೇಂದ್ರ ಬೆಳೆಯಿತು, ಅಲ್ಲಿಂದ ಮೀನು ಕಣಿವೆಯ ತೊರೆಗಳಿಗೂ ಮೇಲಿನ ಸರೋವರಗಳಿಗೂ ಹರಡಿತು. ದಕ್ಷಿಣದಲ್ಲಿ ನೀಲಗಿರಿಗೆ ಟ್ರೌಟ್ ತರುವ ಪ್ರಯತ್ನ 1860ರ ದಶಕದಲ್ಲೇ ಆರಂಭವಾಗಿತ್ತು. ಅವಲಾಂಚೆಯಲ್ಲಿ 1907ರಲ್ಲಿ ಮರಿಕೇಂದ್ರ ಸ್ಥಾಪನೆಯಾದ ಮೇಲೆ ಅದು ನೆಲೆಯೂರಿತು. ಶಿವಮೊಗ್ಗದಿಂದ ಊಟಿ ಎಷ್ಟೋ ಹತ್ತಿರ. ಆದರೆ ಬೆನ್ನಿಗೆ ಚೀಲ ಹಾಕಿಕೊಂಡು ದಿನಗಟ್ಟಲೆ ನಡೆದು ಒಂದು ಸರೋವರದಿಂದ ಇನ್ನೊಂದಕ್ಕೆ ದಾಟುವ ಸುಖ ಬೇಕೆಂದರೆ ಕಾಶ್ಮೀರಕ್ಕೇ ಹೋಗಬೇಕು.

ನಾವು ಹಿಡಿದದ್ದು ಸೋನಮಾರ್ಗದಿಂದ ನಾರಾನಾಗ್‌ವರೆಗಿನ ಹಾದಿ. ಸುಮಾರು 70 ಕಿಲೋಮೀಟರ್ ನಡಿಗೆಯಲ್ಲಿ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ಗಂಗಾಬಲ್, ನುಂದ್‌ಕೋಲ್ ಸರೋವರಗಳು ಒಂದರ ಹಿಂದೊಂದು ಸಿಗುತ್ತವೆ, ನಡುವೆ 4,000 ಮೀಟರ್ ಮೀರಿದ ಕಣಿವೆದಾರಿಗಳನ್ನು ದಾಟಬೇಕಾಗುತ್ತದೆ. ಸಮುದ್ರಮಟ್ಟದಿಂದ 600 ಮೀಟರಿನ ಆಸುಪಾಸಿನಲ್ಲಿ ಬದುಕುವ ತೀರ್ಥಹಳ್ಳಿಯವರಿಗೆ ಆ ಎತ್ತರದ ತೆಳುಗಾಳಿ ಸುಲಭವಲ್ಲ. ಸೋನಮಾರ್ಗದಲ್ಲಿ ಒಂದೆರಡು ರಾತ್ರಿ ಉಳಿದು ದೇಹವನ್ನು ಒಗ್ಗಿಸಿಕೊಳ್ಳದೆ ಹೊರಡಬಾರದು. ತಲೆನೋವು, ವಾಕರಿಕೆ ಹೆಚ್ಚುತ್ತಿದ್ದರೆ ಮುಂದೆ ಹತ್ತದೆ ಕೆಳಗಿಳಿಯಬೇಕು. ಗುರುತಿನ ಚೀಟಿಯನ್ನು ದಾರಿಯುದ್ದಕ್ಕೂ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕು, ಏಕೆಂದರೆ ಗಡಿ ದೂರವಿಲ್ಲ ಮತ್ತು ಸೈನಿಕರು ಪರಿಶೀಲಿಸುತ್ತಾರೆ. ಮೀನು ಹಿಡಿಯಲು ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ಅದನ್ನು ಶ್ರೀನಗರದಲ್ಲೇ ಪಡೆದು ಹೊರಡುವುದು ಒಳ್ಳೆಯದು.

ಹೋಗುವ ಕಾಲದ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಪೀರ್ ಪಂಜಾಲ್ ಶ್ರೇಣಿ ಮುಂಗಾರನ್ನು ಬಹುಮಟ್ಟಿಗೆ ತಡೆಯುವುದರಿಂದ ನಮ್ಮಲ್ಲಿ ಮಘೆ, ಹುಬ್ಬೆ ಮಳೆ ಹೊಯ್ಯುತ್ತಿರುವಾಗ ಅಲ್ಲಿ ಹೆಚ್ಚಿನ ದಿನಗಳಲ್ಲಿ ಬಿಸಿಲಿರುತ್ತದೆ. ನಾಟಿ ಮುಗಿದು, ಅಡಿಕೆಗೆ ಎರಡನೇ ಸುತ್ತಿನ ಔಷಧಿ ಹೊಡೆದಾಗಿ, ಕೊಯ್ಲಿಗೆ ಇನ್ನೂ ಸಮಯವಿರುವ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ಭಾಗವೇ ಅಲ್ಲಿನ ಸರೋವರಗಳಿಗೂ ಒಳ್ಳೆಯ ಹೊತ್ತು. ಜುಲೈ ಮೊದಲಲ್ಲಿ ಹಿಮ ಕರಗಿದ ನೀರು ಕೊರೆಯುತ್ತಿರುತ್ತದೆ, ತೊರೆಗಳು ಕದಡಿರುತ್ತವೆ. ಆಗಸ್ಟ್ ಕೊನೆಗೆ ನೀರು ತಿಳಿಯಾಗಿ, ಹುಲ್ಲುಗಾವಲಿನಲ್ಲಿ ಮಿಡತೆ ತುಂಬಿರುತ್ತದೆ. ಮಿಡತೆಯ ಮಾತು ಮುಂದೆ ಬರುತ್ತದೆ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡೇರೆ, ಅಕ್ಕಿಬೇಳೆ ಹೊರಲು ಕುದುರೆಗಳು ಸಿಗುತ್ತವೆ, ಆದ್ದರಿಂದ ನಮ್ಮ ಬೆನ್ನಿನ ಚೀಲ ಹತ್ತು ಕಿಲೋ ದಾಟಲಿಲ್ಲ. ನಾಲ್ಕು ತುಂಡಾಗಿ ಬಿಚ್ಚುವ ಒಂಬತ್ತು ಅಡಿಯ ಫ್ಲೈ ರಾಡ್, ಅಂದರೆ ಫ್ಲೈ ಬೀಸುವ ಗಾಳದ ಕೋಲು, ಇದ್ದರೆ ಅದರ ಕೊಳವೆ ಚೀಲದ ಪಕ್ಕಕ್ಕೆ ಸರಿಯಾಗಿ ಕೂರುತ್ತದೆ. ಐದನೇ ನಂಬರಿನ ತೇಲುವ ದಾರ ಸಾಕು. ಫ್ಲೈ ಎಂದರೆ ಗರಿ, ಕೂದಲು, ನೂಲುಗಳಿಂದ ಕೊಕ್ಕೆಗೆ ಕಟ್ಟಿದ ಕೃತಕ ಹುಳ. ವಿಮಾನದಲ್ಲಿ ಹೋಗುವವರು ಕೊಕ್ಕೆಗಳನ್ನು ಕೈಚೀಲದಲ್ಲಿಡದೆ ಒಳಗೆ ಕಳುಹಿಸುವ ಸಾಮಾನಿನಲ್ಲಿ ಇಡಬೇಕು. ಇವೆಲ್ಲಕ್ಕಿಂತ ಮುಖ್ಯವಾದದ್ದು ಪೋಲರೈಸ್ಡ್ ಕನ್ನಡಕ. ನೀರಿನ ಮೇಲಿನ ಹೊಳಪನ್ನು ಅದು ಕಳೆದುಬಿಡುವುದರಿಂದ ತಳದ ಕಲ್ಲುಗಳೂ ಅವುಗಳ ಮೇಲೆ ಜಾರುವ ಮೀನಿನ ನೆರಳೂ ಕಾಣತೊಡಗುತ್ತವೆ.

ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ನೀರನ್ನು ನೋಡುವ ಬಗೆಯನ್ನು. ದುಬಾರಿ ರಾಡು, ಬಗೆಬಗೆಯ ಫ್ಲೈಗಳ ಬಗ್ಗೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ, ಆದರೆ ಸರೋವರದ ಅಂಚಿಗೆ ಬಂದ ಕೂಡಲೇ ಗಾಳ ಬೀಸಲು ಶುರು ಮಾಡುತ್ತಾರೆ. ಮಲೆನಾಡಿನಲ್ಲಿ ಹತ್ತುಮೀನು, ಅಂದರೆ ನೀರಿನ ಎದುರು ಹತ್ತಿಬರುವ ಮೀನು, ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳದ ಮೀನು ಹೊಸನೀರಿನ ಎದುರು ಹತ್ತಿ ಗದ್ದೆಗೆ ಬರುತ್ತದೆ, ಕೂಣಿ ಎಂಬ ಮೀನಿನ ಬುಟ್ಟಿ ಇಡುವವನು ಯಾವ ತೂಬಿನಲ್ಲಿ, ಯಾವ ಬದುವಿನ ಕಂಡಿಯಲ್ಲಿ ನೀರು ಧುಮುಕುತ್ತಿದೆ ಎಂಬುದನ್ನು ನೋಡಿಯೇ ಜಾಗ ಆರಿಸುತ್ತಾನೆ. ಹಿಮಾಲಯದ ಸರೋವರದಲ್ಲೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಂದ ಹೋಗುತ್ತಿದೆ? ಕಿಶನ್‌ಸರ್‌ನ ನೀರು ಕೆಳಗಿನ ವಿಶನ್‌ಸರ್‌ಗೆ ಇಳಿಯುತ್ತದೆ, ವಿಶನ್‌ಸರ್‌ನಿಂದ ಹೊರಟದ್ದು ಮುಂದೆ ಕಿಶನ್‌ಗಂಗಾ ನದಿಯಾಗುತ್ತದೆ. ಗಂಗಾಬಲ್‌ನ ನೀರು ನುಂದ್‌ಕೋಲ್‌ಗೆ ಹರಿಯುತ್ತದೆ. ತೊರೆ ಸೇರುವ ಬಾಯಲ್ಲಿ ಆಮ್ಲಜನಕ ಹೆಚ್ಚು, ಹುಳಹುಪ್ಪಟೆ ತೇಲಿಬರುವುದೂ ಅಲ್ಲಿಗೇ. ಆದ್ದರಿಂದ ಟ್ರೌಟ್ ಆ ಬಾಯಿಯ ಎದುರು, ತೆಳುನೀರು ಮುಗಿದು ಆಳ ಶುರುವಾಗುವ ಅಂಚಿನಲ್ಲಿ ಸುಳಿದಾಡುತ್ತದೆ.

ಗಂಗಾಬಲ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆವು. 5,142 ಮೀಟರ್ ಎತ್ತರದ ಹರ್ಮುಖ್ ಶಿಖರದ ಬುಡದಲ್ಲಿರುವ ಆ ಸರೋವರದ ದಡಕ್ಕೆ ಬೆಳಗ್ಗೆ ಗಾಳಿ ಏಳುವ ಮುಂಚೆಯೇ ಹೋಗಿ, ಸಣ್ಣ ತೊರೆಯೊಂದು ಸೇರುವಲ್ಲಿ ಒಂದು ಬಂಡೆಯ ಹಿಂದೆ ಕುಳಿತೆವು. ತೊರೆ ತಂದು ಹಾಸಿದ ನಸುಬಿಳಿ ಮರಳು ಮತ್ತು ಬೆಣಚುಕಲ್ಲಿನ ಪಟ್ಟೆ ಹತ್ತು ಹನ್ನೆರಡು ಅಡಿ ಮುಂದೆ ಹೋಗಿ ತಟ್ಟನೆ ಕಡುನೀಲಿಯೊಳಗೆ ಇಳಿಯುತ್ತಿತ್ತು. ಬಹಳ ಹೊತ್ತು ಏನೂ ಕಾಣಲಿಲ್ಲ. ಅಣ್ಣಯ್ಯ ಮೊಣಕೈಯಿಂದ ತಿವಿದು, "ಆ ಬಿಳಿಕಲ್ಲಿನ ಎಡಕ್ಕೆ ನೋಡಾ, ಹೋತು, ಈಗ ತಿರುಗಿ ಬತ್ತದೆ" ಎಂದ. ಒಂದು ಅಡಿಗಿಂತ ತುಸು ದೊಡ್ಡದಾದ ಮೀನು ಆ ನೀಲಿಯ ಅಂಚನ್ನೇ ಹಿಡಿದು ನಿಧಾನವಾಗಿ ಬಂತು. ಕಂದುಹಳದಿ ಮೈ, ಬೆನ್ನ ಮೇಲೆ ಕಪ್ಪು ಚುಕ್ಕೆ, ಪಕ್ಕದಲ್ಲಿ ಮಸುಕಾದ ಉಂಗುರದ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಚುಕ್ಕೆಗಳು. ತೊರೆಯ ಬಾಯಿಗೆ ಬಂದಾಗ ಕ್ಷಣಕಾಲ ನಿಂತು, ಬಾಯಿಯ ಒಳಗಿನ ಬಿಳುಪು ಕಾಣುವಂತೆ ಏನನ್ನೋ ಹಿಡಿದು, ಮತ್ತೆ ಅದೇ ಅಂಚಿನಲ್ಲಿ ಮುಂದೆ ಸಾಗಿತು. ಕೆಲವು ನಿಮಿಷ ಬಿಟ್ಟು ಅದೇ ಮೀನು ಅದೇ ದಾರಿಯಲ್ಲಿ ಮರಳಿತು. ಹರಿಯುವ ತೊರೆಯಲ್ಲಿ ಟ್ರೌಟ್ ಒಂದೆಡೆ ನಿಂತು ಆಹಾರ ತೇಲಿಬರಲೆಂದು ಕಾಯುತ್ತದೆ. ನಿಂತ ನೀರಿನಲ್ಲಿ ಆಹಾರವನ್ನು ಹುಡುಕುತ್ತ ತಾನೇ ಗಸ್ತು ತಿರುಗುತ್ತದೆ. ಆ ಗಸ್ತಿನ ದಾರಿ ತಿಳಿದರೆ, ಮೀನು ಅತ್ತ ಹೋಗಿರುವಾಗ ಫ್ಲೈಯನ್ನು ದಾರಿಯ ಮೇಲೆ ಇಟ್ಟು ಸುಮ್ಮನೆ ಕಾಯಬಹುದು. ಅಣ್ಣಯ್ಯ ಹಾಗೆಯೇ ಮಾಡಿದ, ಮೀನು ಬಂದು ಹಿಡಿಯಿತು.

ಬಂಡೆಯ ಹಿಂದೆ ಕೂರುವುದಕ್ಕೂ ಕಾರಣವಿದೆ. ನೀರೊಳಗಿನ ಮೀನಿಗೆ ಹೊರಗಿನ ಇಡೀ ಲೋಕ ಸುಮಾರು 97 ಡಿಗ್ರಿ ಅಗಲದ ಒಂದು ವೃತ್ತಾಕಾರದ ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ, ಬೆಳಕು ನೀರಿಗೆ ಇಳಿಯುವಾಗ ಬಾಗುವುದೇ ಇದಕ್ಕೆ ಕಾರಣ. ನೀರಿನ ಮಟ್ಟಕ್ಕೆ ಹತ್ತಿರವಿರುವ ವಸ್ತುಗಳು ಆ ಕಿಟಕಿಯ ಅಂಚಿನಲ್ಲಿ ಒತ್ತಿಕೊಂಡು ಮಸುಕಾಗುತ್ತವೆ. ದಡದಲ್ಲಿ ನೆಟ್ಟಗೆ ನಿಂತ ಮನುಷ್ಯ ಮಾತ್ರ ಸ್ಪಷ್ಟವಾಗಿ ಕಾಣುತ್ತಾನೆ. ಅದಕ್ಕಾಗಿ ಬಗ್ಗಿ ನಡೆಯಬೇಕು, ನೆರಳು ನೀರಿಗೆ ಬೀಳದಂತೆ ನೋಡಿಕೊಳ್ಳಬೇಕು, ಕಲ್ಲು ಉರುಳಿಸಬಾರದು.

ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಗಾಳಿ ಮೇಲೇರುತ್ತದೆ. ಅಲೆಯಿಂದ ಏನೂ ಕಾಣದೆ ಹಲವರು ಆಗ ಡೇರೆಗೆ ಮರಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ದಿನದ ಎರಡನೆಯ ಒಳ್ಳೆಯ ಹೊತ್ತು ಶುರುವಾಗುವುದೇ ಆಗ. ಹುಲ್ಲುಗಾವಲಿನ ಮಿಡತೆ, ಜೀರುಂಡೆಗಳನ್ನು ಗಾಳಿ ನೀರಿಗೆ ಎತ್ತಿಹಾಕುತ್ತದೆ, ಅವೆಲ್ಲ ತೇಲುತ್ತ ಗಾಳಿ ಬಡಿಯುವ ದಡಕ್ಕೆ ಬಂದು ಸೇರುತ್ತವೆ. ಎದುರುಗಾಳಿಗೆ ದಾರ ಬೀಸುವುದು ಕಷ್ಟವಾದರೂ ಆ ದಡದಲ್ಲೇ ನಿಲ್ಲಬೇಕು, ಏಕೆಂದರೆ ಮೀನು ದಡದ ತೀರ ಹತ್ತಿರಕ್ಕೆ ಬಂದಿರುತ್ತದೆ ಮತ್ತು ದೂರ ಎಸೆಯುವ ಅಗತ್ಯವೇ ಇರುವುದಿಲ್ಲ.

ಹಿಡಿದ ಮೀನನ್ನು ಏನು ಮಾಡಬೇಕು ಎಂಬ ಪ್ರಶ್ನೆ ಊರಿನಲ್ಲಿ ಎಲ್ಲರೂ ಕೇಳಿದರು. ಮೀನು ಹಿಡಿದು ಬಿಡುವುದು ನಮ್ಮ ಕಡೆ ವಿಚಿತ್ರವಾಗಿ ಕಾಣುತ್ತದೆ, ಮತ್ತು ತಿನ್ನುವ ಮೀನನ್ನು ತಿನ್ನುವುದರಲ್ಲಿ ತಪ್ಪಿದೆ ಎಂದು ನಾನೂ ಭಾವಿಸುವುದಿಲ್ಲ. ಆದರೆ ಅಲ್ಲಿ ವರ್ಷದ ಬಹುಭಾಗ ನೀರಿನ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ, ಮೀನಿಗೆ ಹೊಟ್ಟೆ ತುಂಬ ತಿನ್ನಲು ಸಿಗುವುದು ಕೆಲವೇ ತಿಂಗಳು. ನಮ್ಮ ಕೆರೆಯ ಕಾಟ್ಲಾ ಒಂದು ವರ್ಷದಲ್ಲಿ ಬೆಳೆಯುವಷ್ಟು ಬೆಳೆಯಲು ಆ ಮೀನಿಗೆ ಹಲವು ವರ್ಷ ಬೇಕು. ಬ್ರೌನ್ ಟ್ರೌಟ್ ಮೊಟ್ಟೆಯಿಡುವುದು ಚಳಿ ಶುರುವಾಗುವ ಹೊತ್ತಿಗೆ, ತೊರೆಯ ಬೆಣಚುಕಲ್ಲನ್ನು ಬಾಲದಿಂದ ಕೆದರಿ ಮಾಡಿದ ಗುಳಿಯಲ್ಲಿ. 10 ಡಿಗ್ರಿ ನೀರಿನಲ್ಲಿ ಆ ಮೊಟ್ಟೆ ಒಡೆಯಲು ಸುಮಾರು 40 ದಿನ ಹಿಡಿದರೆ 5 ಡಿಗ್ರಿಯಲ್ಲಿ ಅದರ ಸುಮಾರು ಎರಡರಷ್ಟು ಹಿಡಿಯುತ್ತದೆ. ಅದಕ್ಕಿಂತ ತಣ್ಣನೆಯ ಆ ತೊರೆಗಳಲ್ಲಿ ಮೊಟ್ಟೆ ಚಳಿಗಾಲವನ್ನು ಕಲ್ಲಿನ ಸಂದಿಯಲ್ಲೇ ಕಳೆಯುತ್ತದೆ. ಆದ್ದರಿಂದ ಪರವಾನಗಿ ಎಷ್ಟಕ್ಕೆ ಅವಕಾಶ ಕೊಟ್ಟರೂ ನಾವು ರಾತ್ರಿಯ ಊಟಕ್ಕೆ ಬೇಕಾದ ಒಂದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆವು. ಬಿಡುವುದಾದರೆ ತುದಿಯಲ್ಲಿ ಹಿಂಮುಳ್ಳಿಲ್ಲದ ಕೊಕ್ಕೆ ಬಳಸಬೇಕು, ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಕೈಗೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ. ಫೋಟೋಕ್ಕಾಗಿ ನೀರಿನಿಂದ ಹೊರಗೆ ಹಿಡಿದು ನಿಲ್ಲುವುದನ್ನು ನಾನು ಒಪ್ಪುವುದಿಲ್ಲ.

ಮಲೆನಾಡಿನ ಹಳ್ಳಗಳಿಗೂ ಟ್ರೌಟ್ ತಂದು ಬಿಡಬಹುದಲ್ಲವೇ ಎಂದು ಒಬ್ಬರು ಉತ್ಸಾಹದಿಂದ ಕೇಳಿದರು. ಬದುಕುವುದಿಲ್ಲ. ನೀರು 20 ಡಿಗ್ರಿ ದಾಟಿದರೆ ಬ್ರೌನ್ ಟ್ರೌಟ್ ಸಂಕಟಪಡುತ್ತದೆ, ಬೇಸಿಗೆಯ ತುಂಗೆ, ಭದ್ರೆ, ಶರಾವತಿಗಳ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 25 ಡಿಗ್ರಿಯ ನೀರು 8 ಮಿಲಿಗ್ರಾಂ ಚಿಲ್ಲರೆಯಷ್ಟೇ ಹಿಡಿಯುತ್ತದೆ. ಒಂದು ವೇಳೆ ಬದುಕುವಂತಿದ್ದರೂ ತರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಜಗತ್ತಿನ ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳೆಂದು ಪಟ್ಟಿಮಾಡಿರುವ ನೂರರಲ್ಲಿ ಬ್ರೌನ್ ಟ್ರೌಟೂ ಇದೆ, ರೇನ್‌ಬೋ ಟ್ರೌಟೂ ಇದೆ. ಕಾಶ್ಮೀರದ ತೊರೆಗಳ ಮೂಲ ನಿವಾಸಿ, ಹೆಸರಿಗೆ ಸ್ನೋ ಟ್ರೌಟ್ ಎನಿಸಿಕೊಂಡರೂ ಕಾರ್ಪ್ ಕುಟುಂಬಕ್ಕೆ ಸೇರಿದ ಮೀನು, ಜಾಗಕ್ಕೂ ಆಹಾರಕ್ಕೂ ಈ ಹೊರಗಿನ ಮೀನಿನೊಡನೆ ಹೋರಾಡಬೇಕಾಗಿದೆ. ನಮ್ಮ ತುಂಗೆಯಲ್ಲಿ ಮಹಶೀರ್ ಇದೆ. ತೀರ್ಥಹಳ್ಳಿ ಬಳಿಯ ಛಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಮಂಡಕ್ಕಿ ಎರಚಿದರೆ ಮೊಳಕೈಯುದ್ದದ ಮೀನುಗಳು ಮೆಟ್ಟಿಲಿನವರೆಗೆ ಬರುತ್ತವೆ. ನಮ್ಮ ನೀರಿಗೆ ಆ ಮೀನು ಸಾಕು, ಅದನ್ನು ಉಳಿಸಿಕೊಂಡರೆ ಸಾಕು.

ಹಿಮಾಲಯಕ್ಕೆ ಹೋಗಿಬಂದವರು ಊರಿನ ಹಳ್ಳಕ್ಕೆ ಇಳಿಯುವ ಮುಂಚೆ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನೀರಿಗೆ ಇಳಿದ ಬೂಟು, ಕೈಬಲೆ, ದಾರಗಳಲ್ಲಿ ಅಂಟಿದ ಕೆಸರಿನೊಳಗೆ ಮೀನಿನ ರೋಗಾಣುಗಳೂ ಪಾಚಿಯೂ ಒಂದು ನೀರಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಸಾಮಾನನ್ನು ಪೂರ್ತಿ ಒಣಗಿಸುವುದೇ ಇದಕ್ಕೆ ಸರಳ ಉಪಾಯ, ಆದರೆ ನಾವು ಮರಳುವ ಹೊತ್ತಿಗೆ ಮಲೆನಾಡಿನಲ್ಲಿ ಬಟ್ಟೆಯೇ ಒಣಗುವುದಿಲ್ಲ. ಹಾಗಾಗಿ ಕೆಸರನ್ನು ಅಲ್ಲಿಯೇ, ಕೊನೆಯ ಸರೋವರದ ದಡದಲ್ಲೇ ಉಜ್ಜಿ ತೆಗೆದು, ಮನೆಗೆ ಬಂದ ಮೇಲೆ ಬೂಟು ಮತ್ತು ಬಲೆಯನ್ನು ಹಂಡೆಯ ಬಿಸಿನೀರಿನಲ್ಲಿ ನೆನೆಸಿ, ಬಚ್ಚಲೊಲೆಯ ಮೇಲಿನ ಗಳುವಿಗೆ ವಾರಗಟ್ಟಲೆ ನೇತುಹಾಕುವುದು ಒಳ್ಳೆಯದು. ಬೂಟಿನ ಅಟ್ಟೆಗೆ ಫೆಲ್ಟ್ ಎಂಬ ಒತ್ತಿದ ನಾರಿನ ಪದರವಿದ್ದರೆ ಅದು ಒಳಗಿಂದ ಒಣಗಲು ಬಹಳ ದಿನ ಬೇಕಾಗುವುದರಿಂದ, ಹೊಸದಾಗಿ ಕೊಳ್ಳುವವರು ರಬ್ಬರ್ ಅಟ್ಟೆಯದನ್ನೇ ಕೊಳ್ಳಲಿ.