ಗವಾಯಿಗಳ ಸ್ಮರಣೆಗೆ ಹಿಡಿದ ಕ್ಯಾಮೆರಾ

ಸೆಪ್ಟೆಂಬರ್ ಬಂತೆಂದರೆ ಗದಗಿನವರಿಗೆ, ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಪುಟ್ಟರಾಜ ಗವಾಯಿಗಳ ನೆನಪು ಜಾಸ್ತಿ. ಅಜ್ಜಾರು ಲಿಂಗೈಕ್ಯರಾಗಿದ್ದು 2010ರ ಸೆಪ್ಟೆಂಬರ್ 17ರಂದು. ಅವರ ಸ್ಮರಣೆಗಾಗಿ ಶಿಷ್ಯರು ಹಾಡುವ ಸಂಗೀತ ಕಾರ್ಯಕ್ರಮವನ್ನು ಎಚ್‌ಡಿಯಲ್ಲಿ ಚಿತ್ರೀಕರಿಸುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಮಧ್ಯಾಹ್ನವೇ ಹೋಗಿ ಎರಡು ಕ್ಯಾಮೆರಾ ಜೋಡಿಸಿದೆವು. ಒಂದಕ್ಕೆ ಇಡೀ ವೇದಿಕೆ, ಇನ್ನೊಂದಕ್ಕೆ ಮುಖ ಮತ್ತು ಕೈ. ಎಲ್‌ಇಡಿ ದೀಪ ಹಾಕಿದ ಕೂಡಲೇ ಚಿತ್ರದಲ್ಲಿ ಪಟ್ಟೆಗಳು ಓಡತೊಡಗಿದವು. ನಮ್ಮ ಕರೆಂಟ್ 50 ಹರ್ಟ್ಜ್ ಅಲ್ವಾ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟ ಮೇಲೆ ಹೋದವು.

ಪೇಟಿ (ಹಾರ್ಮೋನಿಯಂ) ನುಡಿಸುವ ಹಿರಿಯರು ಬಂದು ಟ್ರೈಪಾಡ್ ಮುಟ್ಟಿ ನೋಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ.

"ತಮ್ಮಾ, ಚಿತ್ರ ಬರತೈತಿ ಬಿಡು. ದನಿ ಹೆಂಗ ಹಿಡೀತಿ?"

"ಮಿಕ್ಸರ್‌ದಿಂದ ಒಂದು ಲೈನ್ ತಗೋತೀನ್ರಿ ಗುರುಗಳ. ಮುಂದ ಬ್ಯಾರೆ ಮೈಕ್ ಇಟ್ಟು ರೆಕಾರ್ಡರ್‌ಗೂ ಹಾಕ್ತೀನಿ."

"ಹಂಗಾರ ಆತು. ಬರೇ ಮಿಕ್ಸರಿನ ದನಿಯಾಗ ತಬಲಾ ಸಣ್ಣಾಗತೈತಿ."

ಅವರ ಮಾತು ನಿಜ. ಸಣ್ಣ ಸಭಾಂಗಣದಲ್ಲಿ ತಬಲಾ ಹಾಗೇ ಜೋರಾಗಿ ಕೇಳುತ್ತದೆ, ಅದಕ್ಕೇ ಎಲ್ಲ ಮೈಕುಗಳ ದನಿ ಕೂಡಿಸುವ ಮಿಕ್ಸರಿನಲ್ಲಿ ಅದನ್ನು ಕಡಿಮೆ ಇಟ್ಟಿರುತ್ತಾರೆ. ಆ ಲೈನ್ ಒಂದನ್ನೇ ನಂಬಿದರೆ ವಿಡಿಯೊದಲ್ಲಿ ಕಂಠ ಮಾತ್ರ ಉಳಿಯುತ್ತದೆ. ಅಜ್ಜಾರು ಹಾಡಿದವರಷ್ಟೇ ಅಲ್ಲ, ಪೇಟಿ, ತಬಲಾ, ಸಾರಂಗಿ, ಪಿಟೀಲು ಎಲ್ಲ ನುಡಿಸಿದವರು. ಅವರ ಸ್ಮರಣೆಯಲ್ಲಿ ಸಾಥ್ ಕೊಡುವ ವಾದ್ಯಗಳ ದನಿ ಕುಗ್ಗಬಾರದು.

ವಿಲಂಬಿತ, ಅಂದರೆ ನಿಧಾನ ಗತಿಯ, ಏಕತಾಲದಲ್ಲಿ ಖ್ಯಾಲ್ ಗಾಯನ ಶುರುವಾಯಿತು. ಹನ್ನೆರಡು ಮಾತ್ರೆಯ (ಎಣಿಕೆಯ) ಒಂದು ಆವರ್ತನ ಮುಗಿಯಲು ಅರ್ಧ ನಿಮಿಷವಾದರೂ ಬೇಕು. ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಬರುವವರೆಗೆ ಶಾಟ್ ಬದಲಿಸಬೇಡ ಅಂತ ಎರಡನೇ ಕ್ಯಾಮೆರಾದ ಹುಡುಗನಿಗೆ ಮೊದಲೇ ಹೇಳಿದ್ದೆ. ಬೇರೆ ಕಛೇರಿಗಳಲ್ಲಿ ಸಮ್ ಹತ್ತಿರ ಬಂದಾಗ ಗಾಯಕರು ತಬಲಾದವರ ಕಡೆ ನೋಡುತ್ತಾರೆ, ಕ್ಯಾಮೆರಾದವರಿಗೆ ಅದೇ ಸೂಚನೆ. ಇಲ್ಲಿ ಇಬ್ಬರಿಗೂ ಕಣ್ಣಿಲ್ಲ. ಹಾಡುವವರು ಮುಖಡಾ (ಸಮ್‌ಗೆ ಕರೆದೊಯ್ಯುವ ಸಾಲು) ಎತ್ತುತ್ತಿದ್ದಂತೆ ತಬಲಾದವರ ಕುತ್ತಿಗೆ ಒಂದಿಷ್ಟು ಆ ಕಡೆ ವಾಲುತ್ತಿತ್ತು. ಎಡಗೈ ಡಗ್ಗಾದ (ಎಡಬದಿಯ ವಾದ್ಯದ) ಮೇಲೆ ಸುಮ್ನೆ ಕೂತಿರುತ್ತಿತ್ತು, ಬಲಗೈ ಬೆರಳು ಪೆಟ್ಟಿಗೆ ಸಿದ್ಧವಾಗುತ್ತಿತ್ತು. ಆಮೇಲೆ ಎರಡೂ ಕೈ ಒಟ್ಟಿಗೆ, ಧಿನ್! ಸಭೆಯಲ್ಲಿ "ವ್ಹಾ" ಎಂದರು. ಎಚ್‌ಡಿಯಲ್ಲಿ ಆ ಕುತ್ತಿಗೆಯ ನರ ಕೂಡ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಸಂಜೆಯ ಅತ್ಯುತ್ತಮ ಶಾಟ್ ಅದು.

ಎಡಿಟಿಂಗ್‌ನಲ್ಲಿ ಹೆಚ್ಚು ಹೊತ್ತು ಹಿಡಿದದ್ದು ದನಿ ಕೂಡಿಸುವ ಕೆಲಸ. ಕ್ಯಾಮೆರಾ ಮತ್ತು ರೆಕಾರ್ಡರ್ ಗಡಿಯಾರ ಪೂರ್ತಿ ಹೊಂದುವುದಿಲ್ಲ. ರಾಗ ಉದ್ದವಾದಷ್ಟೂ ದನಿ ಸರಿಯುತ್ತದೆ. ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಫ್ರೇಮ್ ಸರಿದರೂ ತಬಲಾದ ಪೆಟ್ಟು ಕೈಗೆ ಕೂಡುವುದಿಲ್ಲ. ಪ್ರತಿ ಸಮ್ ಹತ್ತಿರ ನಿಲ್ಲಿಸಿ ನೋಡಿದೆ.

ವಿಡಿಯೊ ಮುಗಿಯುವ ಮೊದಲೇ ದನಿಯನ್ನಷ್ಟೇ ಬೇರೆ ಫೈಲ್ ಮಾಡಿ ಪೇಟಿಯ ಗುರುಗಳಿಗೆ ತಲುಪಿಸಿದೆ. ಮರುದಿನ ಫೋನ್ ಬಂತು. "ತಬಲಾ ಚೊಲೊ ಬಂದೈತಿ. ಪೇಟಿ ಒಂದೀಟು ಏರಸು."