ಮ್ಯಾಕ್‌ಬೆತ್‌ನ ಕೈಗೆ ಹತ್ತಿದ ನೆತ್ತರು

ಪದವಿ ತರಗತಿಗಾಗಿ ಷೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕವನ್ನು ಮೂರನೆಯ ಸಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲಿ ಮತ್ತೆ ಮತ್ತೆ ಮರಳಿ ಬರುವ ನೆತ್ತರು ಮತ್ತು ನೀರು. ಸಿಂಹಾಸನದ ಆಸೆಗೆ ದೊರೆ ಡಂಕನ್‌ನನ್ನು ಕೊಂದು ಬಂದ ಸೇನಾನಿ ಮ್ಯಾಕ್‌ಬೆತ್‌ಗೆ, ಕಡಲೆಲ್ಲ ಸೇರಿದರೂ ತನ್ನ ಕೈ ತೊಳೆಯಲಾರದು, ಬದಲಿಗೆ ಆ ಹಸಿರು ಕಡಲೇ ಕೆಂಪಾದೀತು ಎನಿಸುತ್ತದೆ. ಕೆಲವೇ ಕ್ಷಣಗಳಲ್ಲಿ ಅವನ ಹೆಂಡತಿ ಒಂದಿಷ್ಟು ನೀರು ಸಾಕೆಂದು ಸಮಾಧಾನ ಹೇಳುತ್ತಾಳೆ. ಐದನೆಯ ಅಂಕದಲ್ಲಿ ಅವಳೇ ನಿದ್ದೆಯಲ್ಲಿ ದೀಪ ಹಿಡಿದು ನಡೆದುಬಂದು ಇಲ್ಲದ ಕಲೆಯನ್ನು ಉಜ್ಜುತ್ತಾಳೆ; ಕಾಲುಗಂಟೆ ಹೀಗೆ ಉಜ್ಜಿದ್ದುಂಟೆಂದು ಸಖಿ ವೈದ್ಯನಿಗೆ ತಿಳಿಸುತ್ತಾಳೆ. ಆ ಕಾಲುಗಂಟೆಯ ಲೆಕ್ಕ ನನ್ನನ್ನು ಇಂದಿಗೂ ನಡುಗಿಸುತ್ತದೆ.

ತನ್ನದಲ್ಲದ ಪದವಿಯನ್ನು ಮೈಗೊಪ್ಪದ ಎರವಲು ಉಡುಪಿಗೆ ಹೋಲಿಸುವ ರೂಪಕವೂ ನಾಟಕದಲ್ಲಿದೆ, ಆದರೆ ಅದು ನೆತ್ತರಿನಷ್ಟು ಒಳಗಿಳಿಯುವುದಿಲ್ಲ.

ಮಹತ್ವಾಕಾಂಕ್ಷೆಯೇ ಮ್ಯಾಕ್‌ಬೆತ್‌ನ ದೋಷವೆಂದು ನಾವೆಲ್ಲ ಉತ್ತರಪತ್ರಿಕೆಯಲ್ಲಿ ಬರೆಯುತ್ತೇವೆ. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಡಂಕನ್ ತನಗೆ ಬಂಧು, ದೊರೆ, ಮೇಲಾಗಿ ಅತಿಥಿ ಎಂದು ಕೊಲೆಗೆ ಮುನ್ನವೇ ಎಣಿಸಿ, ಎಗರುವ ಭರದಲ್ಲಿ ಆಚೆ ಬದಿಗೆ ಬೀಳುವ ಸವಾರನಂತೆ ತನ್ನ ಆಸೆಯೂ ಉರುಳೀತೆಂದು ಅವನು ಕಂಡುಕೊಂಡಿರುತ್ತಾನೆ. ಕಂಡೂ ಕಾಲಿಡುತ್ತಾನೆ. ತಾನೇ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಕಂಡ ರಾತ್ರಿ, ನೆತ್ತರಲ್ಲಿ ಇಷ್ಟು ದೂರ ನಡೆದ ಮೇಲೆ ಹಿಂದಿರುಗುವುದೂ ದಾಟುವಷ್ಟೇ ಪ್ರಯಾಸವೆನ್ನುವಾಗ ಅವನ ದನಿಯಲ್ಲಿ ಆಸೆಯ ಸುಳಿವೇ ಇರುವುದಿಲ್ಲ, ಬರೀ ದಣಿವು.