ಬಿಸಿಲು ಕಾಣದ ಕಾರ್ತಿಕ

2021ರ ದೀಪಾವಳಿ ನವೆಂಬರ್ 4ಕ್ಕೆ ಬಂದಿತ್ತು. ಹಬ್ಬ ಮುಗಿದ ಮೇಲೆ ಬೆಂಗಳೂರಿನಲ್ಲಿ ಮಳೆ ಹಿಂದೆ ಸರಿಯಬೇಕು, ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಎಳೆ ಬಿಸಿಲು. ಇದನ್ನೇ ನಂಬಿಕೊಂಡು ಹಿತ್ತಿಲಲ್ಲಿ 14 ಟೊಮೆಟೊ ಗಿಡ, ಒಂದು ಮಡಿ ಕೊತ್ತಂಬರಿ, ಒಂದು ಮಡಿ ಮೆಂತ್ಯ ಹಾಕಿದ್ದೆ. ಕಾಂಪೌಂಡಿನ ಉದ್ದಕ್ಕೂ ಅವರೆ ಇತ್ತು. ಅದು ಆಗಸ್ಟಿನಲ್ಲಿ ಬಿತ್ತಿದ್ದು, ಹೂ ಬಿಡಲು ಶುರುವಾಗಿತ್ತು.

ಮಳೆ ನಿಲ್ಲಲಿಲ್ಲ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನವೆಂಬರ್ 11ರ ಸಂಜೆ ಚೆನ್ನೈ ಹತ್ತಿರ ದಡ ಸೇರಿತು. ನಮಗೆ ಇಲ್ಲಿ ಮೂರು ನಾಲ್ಕು ದಿನ ಬೆಳಗಿನಿಂದ ರಾತ್ರಿಯವರೆಗೆ ಒಂದೇ ಸಮನೆ ಜಿಟಿಜಿಟಿ, ಹಗಲಲ್ಲೂ ಸ್ವೆಟರ್ ಬಿಚ್ಚದಂಥ ಚಳಿ.

ನಾನು ತೀರ್ಥಹಳ್ಳಿ ಕಡೆಯವಳು. ಮಳೆ ನೋಡದವಳಲ್ಲ. ಆದರೆ ಈ ಮಳೆಯೇ ಬೇರೆ. ಆಷಾಢದ ಮಳೆಗೆ ಗಿಡವೂ ಮಣ್ಣೂ ನಾವೂ ತಯಾರಾಗಿರುತ್ತೇವೆ. ಕಾರ್ತಿಕದ ಮಳೆಗೆ ಯಾರೂ ತಯಾರಿರುವುದಿಲ್ಲ. ಬೀಳುವ ನೀರು ಜಾಸ್ತಿಯೇನಲ್ಲ, ಒಣಗುವುದಿಲ್ಲ ಅಷ್ಟೇ. ಎಲೆ ಮೇಲೆ ಕೂತ ಹನಿ ಮಧ್ಯಾಹ್ನವೂ ಅಲ್ಲೇ, ಸಂಜೆಯೂ ಅಲ್ಲೇ. ಗಿಡಕ್ಕೆ ಕುತ್ತು ತಂದದ್ದೇ ಅದು.

ಮೊದಲು ಹೋಗಿದ್ದು ಕೊತ್ತಂಬರಿ. ಎರಡೇ ದಿನದಲ್ಲಿ ಬುಡ ಕೊಳೆತು ಮಲಗಿತು. ಮೆಂತ್ಯವನ್ನು ಬಸವನಹುಳು ತಿಂದವು, ಅಂಗೈಯಗಲದ ಆ ಆಫ್ರಿಕಾದ ಜಾತಿ. ರಾತ್ರಿ ಒಂಬತ್ತಕ್ಕೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಎತ್ತಿ ನೋಡಿದರೆ ಹತ್ತು ಹನ್ನೆರಡು ಸೇರಿರುತ್ತಿದ್ದವು. ಕೈಗೆ ಗ್ಲೌಸ್ ಹಾಕಿ ಹೆಕ್ಕಿ ಉಪ್ಪುನೀರಿನ ಬಕೆಟ್‌ಗೆ ಹಾಕುತ್ತಿದ್ದೆ. ಅದನ್ನು ಮಾಡುವುದು ನನಗೆ ಇಷ್ಟವಿರಲಿಲ್ಲ, ಆದರೂ ಒಂದು ದಿನವೂ ಬಿಡಲಿಲ್ಲ.

ತುಳಸಿ ಹಬ್ಬದ ದಿನ ಬೆಳಿಗ್ಗೆ ನೆಲ್ಲಿ ಕೊಂಬೆ ಕಟ್ಟಲು ಹಿತ್ತಿಲಿಗೆ ಹೋದೆ. ಪಕ್ಕದ ಟೊಮೆಟೊ ಗಿಡದ ಎಲೆ ಮೇಲೆ ಕಪ್ಪು ಮಚ್ಚೆ ಕಂಡಿತು. ಬಿಸಿನೀರು ಚೆಲ್ಲಿದ ಹಾಗೆ, ಅಂಚಿನಿಂದ ಒಳಕ್ಕೆ ಹರಡುತ್ತಿತ್ತು. ಹಿಂದಿನ ದಿನ ಇರಲೇ ಇಲ್ಲ. ಅಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು.

"ಎಲೆ ಹಿಂದೆ ಬಿಳಿ ಬೂಸ್ಟು ಇದ್ಯಾ ನೋಡು."

ಇತ್ತು.

"ಅದು ಕೊಳೆ ಮಾರಾಯ್ತಿ. ಅಡಿಕೆಗೆ ಬರೋದೇ."

ಎದುರು ಮನೆಯ ಅಜ್ಜ ಚಿಂತಾಮಣಿ ಕಡೆಯವರು, ಟೊಮೆಟೊ ಬೆಳೆದು ಪಳಗಿದ ಕೈ. ಗೇಟಿನ ಹತ್ತಿರ ನಿಂತೇ ನೋಡಿ, "ಅಂಗಮಾರಿ ಕಣಮ್ಮ ಇದು. ಕಿತ್ತಾಕು, ಪಕ್ಕದ್ದಾದ್ರೂ ಉಳೀತದೆ" ಅಂದರು. ಒಬ್ಬರು ಕೊಳೆ ಅಂದರು, ಇನ್ನೊಬ್ಬರು ಅಂಗಮಾರಿ ಅಂದರು. ಆಮೇಲೆ ಓದಿ ನೋಡಿದರೆ ಇಬ್ಬರ ಮಾತೂ ಸರಿ. ಅಡಿಕೆಯ ಕೊಳೆರೋಗ, ಟೊಮೆಟೊ ಆಲೂಗೆಡ್ಡೆಯ ಅಂಗಮಾರಿ, ಎರಡಕ್ಕೂ ಕಾರಣ ಫೈಟಾಫ್ತೊರಾ ಅನ್ನುವ ಒಂದೇ ಕುಲದ ರೋಗಾಣು. ಎರಡಕ್ಕೂ ಬೇಕಾದ್ದು ತಂಪು ಮತ್ತು ಒಣಗದ ತೇವ. ಅಪ್ಪನ ತೋಟದಲ್ಲಿ ಚಿಕ್ಕಂದಿನಿಂದ ನೋಡಿದ ಕಷ್ಟದ ನೆಂಟ ಇಲ್ಲಿ, ನನ್ನ ಹತ್ತು ಅಡಿಯ ಹಿತ್ತಿಲಲ್ಲಿ ಸಿಗುತ್ತಾನೆ ಅಂತ ಅಂದುಕೊಂಡಿರಲಿಲ್ಲ.

ಅಮ್ಮ ಹೇಳಿದ್ದು ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ. ನಮ್ಮ ಕಡೆ ಅದನ್ನು ಸುಮ್ನೆ ಔಷಧಿ ಅಂತಲೇ ಕರೆಯುತ್ತಾರೆ, ಹೊರಗೆ ಬೋರ್ಡೋ ದ್ರಾವಣ. ಮೊದಲೆಲ್ಲ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಕರಡ ಹುಲ್ಲಿನ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಕೊಳೆರೋಗದ ಬೆನ್ನು ಹತ್ತಿ, ಈ ದ್ರಾವಣ ಹೊಡೆಯುವುದನ್ನು ಮಲೆನಾಡಿನ ಬೆಳೆಗಾರರಿಗೆ ತೋರಿಸಿಕೊಟ್ಟರು. ಅವರ ಮೇಲೆ ನನಗೆ ತುಂಬಾ ಗೌರವ. ನೂರು ವರ್ಷ ದಾಟಿದರೂ ಮಳೆಗಾಲದಲ್ಲಿ ಅಡಿಕೆ ತೋಟದ ಕೆಲಸ ಅಂದರೆ ಅದೇ ಅಲ್ವಾ?

ಗ್ರಂದಿಗೆ ಅಂಗಡಿಯಲ್ಲಿ ಎರಡೂ ಸಿಕ್ಕವು. ಅಳತೆ ನೂರು ಲೀಟರ್‌ಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನನಗೆ ಬೇಕಿದ್ದದ್ದು ಐದು ಲೀಟರ್, ಹಾಗಾಗಿ 50 ಗ್ರಾಂ, 50 ಗ್ರಾಂ. ಪ್ಲಾಸ್ಟಿಕ್ ಬಕೆಟ್‌ನಲ್ಲೇ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹುಯ್ಯಬೇಕು. ಆಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ನನ್ನದು ಕೆಂಪಗಾಯಿತು. ಇನ್ನೊಂದಿಷ್ಟು ಸುಣ್ಣ ಹಾಕಿದ ಮೇಲೆ ಬೆಳ್ಳಗೆ ಉಳಿಯಿತು. ಆ ಆಕಾಶ ನೀಲಿ ಬಣ್ಣ ನೋಡುತ್ತಿದ್ದಂತೆ ಅಪ್ಪನ ಔಷಧಿ ಅಂಗಿ ನೆನಪಾಯಿತು. ಎಷ್ಟು ಒಗೆದರೂ ಭುಜದ ಮೇಲಿನ ನೀಲಿ ಕಲೆ ಹೋಗುತ್ತಿರಲಿಲ್ಲ.

ಆದರೆ ಔಷಧಿ ರೋಗ ಬರದಂತೆ ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ. ಮಚ್ಚೆ ಬಿದ್ದ ಗಿಡಗಳನ್ನು ಕೀಳಲೇಬೇಕಿತ್ತು. ಎರಡು ದಿನ ಮನಸ್ಸು ಬರಲಿಲ್ಲ. ಒಂದೊಂದರಲ್ಲೂ ಹಸಿರು ಕಾಯಿ ಗೊಂಚಲು ಗೊಂಚಲು, ಆ ದಿನಗಳಲ್ಲೇ ಬೆಂಗಳೂರಿನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಹೊಲದಲ್ಲೇ ಬೆಳೆ ಕಳೆದುಕೊಂಡವರಿಗೆ ಆ ಬೆಲೆಯಿಂದ ಏನು ಸಿಕ್ಕಿರಬಹುದು ಅಂತ ಯೋಚಿಸಿದರೆ ಈಗಲೂ ಸಂಕಟವಾಗುತ್ತದೆ. ಆ ಎರಡು ದಿನದ ತಡಕ್ಕೆ ಇನ್ನೂ ಮೂರು ಗಿಡ ಹೋದವು. ಒಟ್ಟು ಒಂಬತ್ತು ಕಿತ್ತೆ. ಗೊಬ್ಬರದ ಗುಂಡಿಗೆ ಹಾಕದೆ ಚೀಲ ಕಟ್ಟಿ ಕಸದ ಗಾಡಿಗೆ ಕೊಟ್ಟೆ. ಕಲೆಯಿಲ್ಲದ ಕಾಯಿ ಆರಿಸಿ ಗೊಜ್ಜು ಮಾಡಿದೆ.

ಉಳಿದ ಐದಕ್ಕೆ ಔಷಧಿ ಹೊಡೆಯಬೇಕಾದರೆ ಎಲೆ ಒಣಗಿರಬೇಕು. ಮೊದಲ ದಿನ ಕಲಸಿದ್ದನ್ನು ಮಳೆ ಬಂದು ಚೆಲ್ಲಬೇಕಾಯಿತು, ಕಲಸಿದ ದಿನವೇ ಮುಗಿಸಬೇಕು ಅದನ್ನು. ಮಾರನೇ ದಿನ ಮಧ್ಯಾಹ್ನ ಸುಮಾರು ಮೂರು ಗಂಟೆ ಗಾಳಿ ಬೀಸಿತು. ಕೆಳಗಿನ ಎಲೆಗಳನ್ನೆಲ್ಲ ಚಿವುಟಿ, ಗಿಡವನ್ನು ಕೋಲಿಗೆ ಎತ್ತಿ ಕಟ್ಟಿ, ಎಲೆಯ ಹಿಂದೆ ಮುಂದೆ ಹೊಡೆದೆ. ತುಳಸಿಗೆ ಮಾತ್ರ ಮುಟ್ಟಿಸಲಿಲ್ಲ, ನಾವು ಬಾಯಿಗೆ ಹಾಕಿಕೊಳ್ಳುವ ಎಲೆ. ಕುಂಡವನ್ನು ಎಳೆದು ಸಜ್ಜದ ಕೆಳಗಿಟ್ಟೆ.

ಅವರೆಯದ್ದೇ ನನಗೆ ದೊಡ್ಡ ಚಿಂತೆಯಾಗಿತ್ತು. ನವೆಂಬರ್ 19ಕ್ಕೆ ಇನ್ನೊಂದು ವಾಯುಭಾರ ಕುಸಿತ ದಡ ಸೇರಿತು, ಅದರ ಮಳೆಗೆ ಹೂವೆಲ್ಲ ನೆಲದ ಮೇಲೆ. ಬುಡದಲ್ಲಿ ನೀರು ನಿಂತಿತ್ತು. "ಮೊದಲು ಬಸಿಗಾಲುವೆ ತೆಗಿ, ಔಷಧಿ ಆಮೇಲೆ" ಅಂತ ಅಮ್ಮ ಮೊದಲ ದಿನವೇ ಹೇಳಿದ್ದಳು. ನಾನು ಔಷಧಿಯ ಹಿಂದೆ ಬಿದ್ದು ಅದನ್ನು ಮುಂದೂಡಿದ್ದೆ. ಅವತ್ತು ಕೊಡೆ ಬಿಟ್ಟು, ಗುದ್ದಲಿ ಹಿಡಿದು, ಕಾಂಪೌಂಡಿನ ಪಕ್ಕದಲ್ಲಿ ಒಂದು ಗೇಣು ಆಳಕ್ಕೆ ಕಾಲುವೆ ತೆಗೆದು ಮೋರಿಗೆ ಸೇರಿಸಿದೆ. ಮನೆ ಕಟ್ಟಿದಾಗ ಬಿದ್ದ ಇಟ್ಟಿಗೆ ಚೂರು, ಸಿಮೆಂಟ್ ಗಟ್ಟಿ, ಎಲ್ಲ ಮಣ್ಣಲ್ಲೇ ಇತ್ತು. ಅರ್ಧ ದಿನ ಹಿಡಿಯಿತು. ಕೊನೆಯ ಗುದ್ದಲಿ ಮಣ್ಣು ಎತ್ತಿದ ಕೂಡಲೇ ನಿಂತಿದ್ದ ಕೆಂಪು ನೀರು ಸರಸರ ಹರಿದು ಹೋಯಿತು. ಒದ್ದೆ ಬಟ್ಟೆಯಲ್ಲೇ ನಿಂತು ಪೂರ್ತಿ ನೋಡಿದೆ.

ಡಿಸೆಂಬರ್‌ನಲ್ಲಿ ಬಿಸಿಲು ಬಂತು. ಟೊಮೆಟೊ ಮೂರು ಗಿಡ ಉಳಿದವು. ಅವರೆ ಮತ್ತೆ ಹೂ ಬಿಟ್ಟಿತು, ತಡವಾಗಿ. ಕಾಯಿ ಕಡಿಮೆ, ಆದರೆ ಮುರಿಯುವಾಗ ಬೆರಳಿಗೆಲ್ಲ ಸೊಗಡು ಅಂಟುತ್ತಿತ್ತು.

ಸಂಕ್ರಾಂತಿಗೆ ಅಮ್ಮ ಬಂದಳು. ಚೀಲ ಬಾಗಿಲಲ್ಲೇ ಇಟ್ಟು ನೇರ ಹಿತ್ತಿಲಿಗೆ ಹೋದಳು. ಅವರೆ ನೋಡುತ್ತಾಳೆ ಅಂದುಕೊಂಡೆ. ಅವಳು ಕಾಲುವೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಮೋರಿಯ ಹತ್ತಿರ ಕುಸಿದಿದ್ದ ಮಣ್ಣನ್ನು ಕಾಲಿನಿಂದ ಈಚೆಗೆ ಎಳೆದು ಹಾಕಿದಳು. ಆಮೇಲೆ ಮೊರ ಕೇಳಿದಳು.